ನೀರುಂಡ ಕಲ್ಲು, ಬೆಳ್ಳಿಯ ಆಸರೆ

ರತ್ನವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾಠಿಣ್ಯ. ವಜ್ರದ ಹಿರಿಮೆಗೆ ಅದೇ ಕಾರಣ. ಆದರೆ ಅಷ್ಟೇನೂ ಗಟ್ಟಿಯಲ್ಲದ, ಒಡಲಲ್ಲಿ ನೀರನ್ನು ಹೊತ್ತ ಕಲ್ಲೊಂದು ರತ್ನಗಳ ಸಾಲಿನಲ್ಲಿ ಬಹುಕಾಲದಿಂದ ಸ್ಥಾನ ಪಡೆದಿದೆ. ಅದೇ ಓಪಲ್. ಸಂಸ್ಕೃತದಲ್ಲಿ ‘ಉಪಲ’ವೆಂದರೆ ಕಲ್ಲು, ಓಪಲ್ ಎಂಬ ಹೆಸರಿನ ಮೂಲ ಅದೇ ಇರಬೇಕೆಂಬುದು ಅನೇಕ ವಿದ್ವಾಂಸರ ಮತ. ಹೆಸರು ನಮ್ಮ ಕಡೆಯದಾದರೂ ಕಲ್ಲು ಬಹುಮಟ್ಟಿಗೆ ಹೊರಗಿನದು. ಹಿಂದೆ ಇಂದಿನ ಸ್ಲೊವಾಕಿಯದ ಗಣಿಗಳು, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಆಸ್ಟ್ರೇಲಿಯ, 2008ರಿಂದೀಚೆಗೆ ಇಥಿಯೋಪಿಯದ ವೆಲ್ಲೊ ಪ್ರಾಂತ ಇದಕ್ಕೆ ಹೆಸರಾದವು.

ನಮ್ಮ ಊರುಗಳಲ್ಲಿ ಇದನ್ನು ವಜ್ರಕ್ಕೆ ಬದಲಾಗಿ, ಶುಕ್ರನ ಪ್ರೀತ್ಯರ್ಥ, ಬೆಳ್ಳಿಯ ಉಂಗುರದಲ್ಲಿ ಧರಿಸುವವರುಂಟು. ಕಲ್ಲು ಬಿರಿದರೆ, ‘ಇದು ನಮಗೆ ಆಗಿಬರಲಿಲ್ಲ’ ಎಂದು ತೆಗೆದಿಡುವವರೂ ಉಂಟು. ಈ ಆಗಿಬರದ ಮಾತನ್ನೇ ಸ್ವಲ್ಪ ವಿಚಾರಿಸೋಣ.

ಒಳ್ಳೆಯ ಓಪಲನ್ನು ಬೆಳಕಿನಲ್ಲಿ ತಿರುಗಿಸಿದರೆ ಹಸಿರು ಇದ್ದೆಡೆ ಕೆಂಪು, ಕೆಂಪು ಇದ್ದೆಡೆ ನೀಲಿ ಮಿಂಚುತ್ತದೆ. ಈ ಬಣ್ಣಗಳು ಕಲ್ಲಿಗೆ ಬಳಿದವಲ್ಲ, ಬೆರೆತವೂ ಅಲ್ಲ. 1964ರಲ್ಲಿ ಆಸ್ಟ್ರೇಲಿಯದ ಜೆ. ವಿ. ಸ್ಯಾಂಡರ್ಸ್ ಮತ್ತು ಅವರ ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇದರ ಗುಟ್ಟನ್ನು ಬಯಲಿಗೆ ತಂದರು. ಮರಳಿನ ಮೂಲದ್ರವ್ಯವಾದ ಸಿಲಿಕಾ ಇಲ್ಲಿ ಸೂಕ್ಷ್ಮಗೋಲಗಳ ರೂಪದಲ್ಲಿದೆ. ಅಂಗಡಿಯಲ್ಲಿ ಕಿತ್ತಳೆಹಣ್ಣುಗಳನ್ನು ಒಪ್ಪವಾಗಿ ಪೇರಿಸಿದಂತೆ ಅವು ಸಾಲಾಗಿ ಕುಳಿತಿವೆ. ಒಂದೊಂದರ ವ್ಯಾಸ ಸುಮಾರು 150ರಿಂದ 300 ನ್ಯಾನೊಮೀಟರ್. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಈ ಸಾಲುಗಳ ನಡುವೆ ಹಾಯ್ದ ಬೆಳಕು ಬಣ್ಣಬಣ್ಣವಾಗಿ ಒಡೆಯುತ್ತದೆ. ಗೋಲಗಳು ದೊಡ್ಡವಾದರೆ ಕೆಂಪು, ಚಿಕ್ಕವಾದರೆ ನೀಲಿ. ಸಾಲು ತಪ್ಪಿದರೆ ವರ್ಣವಿಲಾಸವೇ ಇಲ್ಲ. ನವಿಲುಗರಿಯ ಹೊಳಪೂ ಇದೇ ಬಗೆಯದು. ಓಪಲಿನ ಚೆಲುವು ಅದರ ದ್ರವ್ಯದಲ್ಲಿಲ್ಲ, ಕ್ರಮದಲ್ಲಿದೆ.

ಇನ್ನು ನೀರಿನ ಮಾತು. ಓಪಲಿನ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಹತ್ತು ಪಾಲು ನೀರು. ಬೆಂಕಿಯ ಝಳಕ್ಕೋ ಹಠಾತ್ತಾದ ಬಿಸಿಲಿಗೋ ಸಿಕ್ಕಿದರೆ ಕಲ್ಲು ಬಿರಿಯಬಹುದು. ಸರ್ ವಾಲ್ಟರ್ ಸ್ಕಾಟ್ 1829ರಲ್ಲಿ ಪ್ರಕಟಿಸಿದ ‘ಆ್ಯನ್ ಆಫ್ ಗೈರ್‌ಸ್ಟೈನ್’ ಕಾದಂಬರಿಯಲ್ಲಿ ಒಬ್ಬ ಸ್ತ್ರೀಯ ಮುಡಿಯ ಓಪಲಿನ ಮೇಲೆ ತೀರ್ಥದ ಹನಿ ಬೀಳುತ್ತದೆ, ಕಲ್ಲು ಕಳೆಗುಂದುತ್ತದೆ, ಬಳಿಕ ಆಕೆಯೂ ಉಳಿಯುವುದಿಲ್ಲ. ಓಪಲ್ ಅಶುಭವೆಂಬ ಭಾವನೆ ಯೂರೋಪಿನಲ್ಲಿ ಬಲಿಯಲು ಈ ಕಥೆಯೂ ಕಾರಣವೆನ್ನುತ್ತಾರೆ. ಸ್ವಾರಸ್ಯವೆಂದರೆ, ವೆಲ್ಲೊ ಪ್ರಾಂತದ ಎಷ್ಟೋ ಕಲ್ಲುಗಳು ನೀರಿನಲ್ಲಿಟ್ಟರೆ ನಿಜವಾಗಿಯೂ ಬಣ್ಣ ಕಳೆದುಕೊಳ್ಳುತ್ತವೆ. ಅವು ನೀರನ್ನು ಹೀರುವ ಜಾತಿ. ನಿಧಾನವಾಗಿ ಒಣಗಿದಾಗ ಬಣ್ಣ ಮರಳುತ್ತದೆ. ಅದರಲ್ಲಿ ಶಾಪವೂ ಇಲ್ಲ, ಶಕುನವೂ ಇಲ್ಲ.

ಇಂಥ ಕಲ್ಲಿಗೆ ಬೆಳ್ಳಿ ತಕ್ಕ ಸಂಗಾತಿ. ಬೆಳ್ಳಿ ಮೆತ್ತನೆಯ ಲೋಹ. ಕಲ್ಲಿನ ಸುತ್ತ ತೆಳುವಾದ ಪಟ್ಟಿಯನ್ನು ನಿಲ್ಲಿಸಿ, ಅದರ ಅಂಚನ್ನು ಹಗುರವಾಗಿ ಒತ್ತಿ ಮಡಿಸಿದರೆ ಕಲ್ಲು ಭದ್ರವಾಗುತ್ತದೆ. ಅಂಚು ಪೆಟ್ಟಿನಿಂದ ಪಾರಾಗುತ್ತದೆ. ಆದರೆ ಬೆಳ್ಳಿಯ ಬೆಸುಗೆಗೆ 600 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಬೇಕು. ಆದ್ದರಿಂದ ಬಲ್ಲ ಅಕ್ಕಸಾಲಿಗ ಬೆಂಕಿಯ ಕೆಲಸವನ್ನೆಲ್ಲ ಮುಗಿಸಿ, ಕಟ್ಟಕಡೆಗೆ ಕಲ್ಲನ್ನು ಕೂರಿಸುತ್ತಾನೆ. ಉಂಗುರದ ಅಳತೆ ತಿದ್ದಬೇಕಾದರೂ ಮೊದಲು ಕಲ್ಲನ್ನು ತೆಗೆಯುವುದೇ ಕ್ಷೇಮ.

ತೊಡಕು ಬರುವುದು ಬೆಳ್ಳಿ ಕಪ್ಪಾದಾಗ. ನಮ್ಮ ಮನೆಗಳಲ್ಲಿ ವಿಭೂತಿ ಹಚ್ಚಿ ಉಜ್ಜುವುದು ರೂಢಿ. ಅಂಗಡಿಗಳಲ್ಲಿ ದ್ರಾವಣದಲ್ಲಿ ಅದ್ದುತ್ತಾರೆ. ಬೆಳ್ಳಿಗೆ ಹಿತವಾದ ಈ ಉಪಚಾರಗಳು ಓಪಲಿಗೆ ಸಲ್ಲವು. ಕಾಠಿಣ್ಯದ ಮಾನದಲ್ಲಿ ಓಪಲ್ ಐದೂವರೆಯಿಂದ ಆರೂವರೆ. ಬೀದಿಯ ಧೂಳಿನಲ್ಲಿರುವ ಮರಳಿನ ಕಣ ಏಳು. ಗಟ್ಟಿಯಾಗಿ ಉಜ್ಜಿದರೆ ಗೀರು ತಪ್ಪದು. ಮೆತ್ತನೆಯ ಒದ್ದೆ ಬಟ್ಟೆ ಸಾಕು. ತಲೆಗೆ ಎಣ್ಣೆ ಹಚ್ಚುವಾಗ, ಅರಿಸಿನ ಕಲಸುವಾಗ ಉಂಗುರವನ್ನು ತೆಗೆದಿಡಬೇಕು. ಹೀರುವ ಕಲ್ಲು ಅವುಗಳನ್ನೂ ಹೀರೀತು.

ಕೊಳ್ಳುವವರಿಗೆ ನಾನು ಹೇಳುವ ಇನ್ನೊಂದು ಮಾತುಂಟು. ಓಪಲಿನ ತೆಳುವಾದ ಹೋಳನ್ನು ಕಪ್ಪು ಹಲಗೆಯಂಥ ಬೆನ್ನಿಗೆ ಅಂಟಿಸಿ, ಕೆಲವೊಮ್ಮೆ ಮೇಲೆ ಗಾಜನ್ನೂ ಕೂರಿಸಿ ಮಾಡಿದ ಹರಳುಗಳಿವೆ. ನೀರು ತಾಗಿ ಅಂಟು ಸಡಿಲವಾದರೆ ಅವು ಮಬ್ಬಾಗುತ್ತವೆ. ಅಂಥದನ್ನು ಮಾಡುವುದು ತಪ್ಪಲ್ಲ. ಹೇಳದೆ ಮಾರುವುದು ತಪ್ಪು. ಹಿಂಬದಿ ಮುಚ್ಚಿದ ಬೆಳ್ಳಿಯ ಕಟ್ಟಿನಲ್ಲಿ ಇದು ಕಣ್ಣಿಗೆ ಬೀಳದು. ಆದ್ದರಿಂದ ಕಟ್ಟುವ ಮುನ್ನವೇ ಕಲ್ಲನ್ನು ಪಕ್ಕದಿಂದ ನೋಡಿ, ಅಂಟಿನ ಗೆರೆಯುಂಟೆ ಎಂದು ಪರೀಕ್ಷಿಸಬೇಕು.

ಬಿರಿದ ಓಪಲಿನ ಹಿಂದೆ ಅವಸರದ ಬೆಂಕಿಯೋ, ಒರಟು ಕೈಯೋ, ಕಲ್ಲಿನದೇ ಹುಟ್ಟುಗುಣವೋ ಇರುತ್ತದೆ. ಇವನ್ನು ವಿಚಾರಿಸದೆ ನಾವು ಗ್ರಹವನ್ನು ದೂರುತ್ತೇವೆ. ತೊಟ್ಟವಳ ಅದೃಷ್ಟವನ್ನು ಹಳಿಯುತ್ತೇವೆ. ಕಲ್ಲಿಗೆ ಆ ಮಾತು ತಟ್ಟುವುದಿಲ್ಲ; ಮನೆಯ ಹೆಣ್ಣುಮಗಳಿಗೆ ತಟ್ಟುತ್ತದೆ.