ಇಂಗ್ಲಿಷಿನಲ್ಲಿ ಹೊಸ ಶಬ್ದಗಳ ಹುಟ್ಟು

ಇಂಗ್ಲಿಷ್ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಹಿರಿಯರು ಆಗಾಗ್ಗೆ ಒಂದು ಮಾತನ್ನಾಡುವುದುಂಟು: "ಇದೆಂಥ ಶಬ್ದವಪ್ಪ! ನಮ್ಮ ಕಾಲದ ನಿಘಂಟಿನಲ್ಲಿ ಇದು ಇರಲಿಲ್ಲ." ಇರಲಿಲ್ಲವೆಂಬುದು ನಿಜವೇ. ಆದರೆ ಆ ಹಿರಿಯರು ಶುದ್ಧವೆಂದು ಬಗೆದಿರುವ ಎಷ್ಟೋ ಶಬ್ದಗಳು ಅವರ ಮುತ್ತಜ್ಜಂದಿರ ಕಾಲದ ನಿಘಂಟಿನಲ್ಲಿಯೂ ಇರಲಿಲ್ಲ. ಆ ಭಾಷೆಯಲ್ಲಿ ಹೊಸ ಶಬ್ದಗಳು ಹೇಗೆ ಹುಟ್ಟುವುವು, ಹುಟ್ಟಿದವುಗಳನ್ನು ಉಳಿಸುವವರು ಯಾರು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

ಮೊದಲು ತಿಳಿಯತಕ್ಕುದೇನೆಂದರೆ, ಏನೂ ಇಲ್ಲದೆಡೆಯಿಂದ ಹುಟ್ಟುವ ಶಬ್ದಗಳು ಬಹು ವಿರಳ. ಹಳೆಯ ಮನೆಯ ತೊಲೆ ಕಂಬಗಳಿಂದಲೇ ಹೊಸ ಮನೆಯನ್ನು ಕಟ್ಟುವಂತೆ, ಇದ್ದ ಶಬ್ದಗಳಿಂದಲೇ ಇಲ್ಲದ ಶಬ್ದಗಳನ್ನು ಮಾಡಿಕೊಳ್ಳುವರು. ಅತ್ಯಂತ ಸುಲಭವಾದ ಮಾರ್ಗವು ನಮಗೂ ಪರಿಚಿತವಾದ ಸಮಾಸ. 'ರೈಲ್ವೆ' ಎಂಬುದು ಹಾಗಾದುದು. ಕೆಲವು ವೇಳೆ ಎರಡು ಶಬ್ದಗಳ ತುಂಡುಗಳನ್ನು ಬೆಸೆಯುವರು. ಹೊಗೆಗೆ 'ಸ್ಮೋಕ್', ಮಂಜಿಗೆ 'ಫಾಗ್'. ಲಂಡನ್ ನಗರವನ್ನು ಮುಸುಕುತ್ತಿದ್ದ ಹೊಗೆಮಂಜಿಗೆ 'ಸ್ಮಾಗ್' ಎಂಬ ಹೆಸರನ್ನು ೧೯೦೫ರಲ್ಲಿ ಡೆ ವೋ ಎಂಬ ವೈದ್ಯರು ಪ್ರಚಾರಕ್ಕೆ ತಂದರು.

ಉದ್ದವಾದುದನ್ನು ಕತ್ತರಿಸುವುದು ಇನ್ನೊಂದು ಮಾರ್ಗ. 'ಆಮ್ನಿಬಸ್' ಎಂದರೆ ಲ್ಯಾಟಿನಿನಲ್ಲಿ 'ಎಲ್ಲರಿಗಾಗಿ' ಎಂದರ್ಥ. ಜನರು ಅದರ ತಲೆಯನ್ನು ಬಿಟ್ಟು ಬಾಲವನ್ನು ಮಾತ್ರ ಇಟ್ಟುಕೊಂಡರು. ನಾವು ದಿನವೂ ಹತ್ತಿಳಿಯುವ ಬಸ್ಸು ಒಂದು ಚತುರ್ಥೀ ವಿಭಕ್ತಿ ಪ್ರತ್ಯಯದ ತುಣುಕೆಂದು ತಿಳಿದರೆ ವಾಚಕರು ನಗದಿರರು! 'ಎಡಿಟರ್' ಎಂಬುದು ಮೊದಲು ಹುಟ್ಟಿ, 'ಎಡಿಟ್' ಎಂಬ ಧಾತುವು ಅದರಿಂದ ಬಹುಕಾಲದ ಮೇಲೆ ಹುಟ್ಟಿತು. ಮಗನಿಂದ ತಂದೆ ಹುಟ್ಟಿದಂತಾಯಿತು.

ವ್ಯಕ್ತಿಗಳ ಹೆಸರೂ ಶಬ್ದವಾಗುವುದುಂಟು. ೧೮೮೦ರಲ್ಲಿ ಐರ್ಲೆಂಡಿನ ಗೇಣಿದಾರರು ಬಾಯ್ಕಾಟ್ ಎಂಬ ಪಾರುಪತ್ಯಗಾರನೊಡನೆ ಎಲ್ಲ ವ್ಯವಹಾರವನ್ನೂ ನಿಲ್ಲಿಸಿಬಿಟ್ಟರು. ಅವನ ಹೆಸರೇ ಬಹಿಷ್ಕಾರಕ್ಕೆ ಹೆಸರಾಯಿತು. ಇನ್ನು ಎರವಲಿನ ವಿಷಯದಲ್ಲಿ ಆ ಭಾಷೆಗೆ ಸಂಕೋಚವೇ ಇಲ್ಲ. ನಮ್ಮ ದೇಶದಿಂದ 'ಲೂಟ್', 'ಬಂಗ್ಲೋ', 'ಶಾಂಪೂ' ಮೊದಲಾದವನ್ನು ಕೊಂಡುಹೋಗಿದೆ. ಸಂಸ್ಕೃತ ಕನ್ನಡಗಳನ್ನು ಬೆರಸಿದ ಸಮಾಸವನ್ನು ನಮ್ಮ ವ್ಯಾಕರಣಕಾರರು ಅರಿಸಮಾಸವೆಂದು ಸಾಮಾನ್ಯವಾಗಿ ನಿಷೇಧಿಸಿದರು. ಇಂಗ್ಲಿಷಾದರೋ ಗ್ರೀಕಿನ 'ಟೆಲಿ'ಗೆ ಲ್ಯಾಟಿನಿನ 'ವಿಜನ್' ಸೇರಿಸಿ 'ಟೆಲಿವಿಜನ್' ಎಂದು ನಿಶ್ಚಿಂತೆಯಿಂದಿದೆ.

ಹಾಗಾದರೆ ಸಾಧು ಅಸಾಧುಗಳನ್ನು ನಿರ್ಣಯಿಸುವವರಾರು? ಫ್ರೆಂಚರು ೧೬೩೫ರಲ್ಲಿಯೇ ಇದಕ್ಕಾಗಿ ಒಂದು ವಿದ್ವತ್ಪರಿಷತ್ತನ್ನು ಸ್ಥಾಪಿಸಿದರು. ಇಂಗ್ಲೆಂಡಿನಲ್ಲಿಯೂ ಅಂಥದು ಬೇಕೆಂದು ೧೭೧೨ರಲ್ಲಿ ಜೊನಾಥನ್ ಸ್ವಿಫ್ಟ್ ಎಂಬ ಮಹಾಲೇಖಕನು ವಾದಿಸಿದನು, ಅದು ಆಗಲಿಲ್ಲ. ಜನಜಂಗುಳಿಯನ್ನು ಹೇಳುವ 'ಮಾಬ್' ಎಂಬ ಹೊಸ ಶಬ್ದವನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅದನ್ನು ತಡೆಯಲು ಹಲವು ವರ್ಷ ಹೆಣಗಿ ಸೋತೆನೆಂದು ತಾನೇ ಬರೆದುಕೊಂಡನು. ಇಂದು ಆ ಶಬ್ದವು ಎಲ್ಲ ನಿಘಂಟುಗಳಲ್ಲಿಯೂ ಇದೆ.

ವಿದ್ವಾಂಸನಿಗೆ ಸಾಧ್ಯವಾಗದುದು ಒಬ್ಬ ಬಾಲಕನಿಗೆ ಸಾಧ್ಯವಾಯಿತು. ಒಂದರ ಮುಂದೆ ನೂರು ಸೊನ್ನೆಗಳನ್ನಿಟ್ಟರೆ ಆಗುವ ಸಂಖ್ಯೆಗೆ ಏನು ಹೆಸರಿಡೋಣವೆಂದು ಅಮೆರಿಕದ ಗಣಿತಜ್ಞ ಎಡ್ವರ್ಡ್ ಕ್ಯಾಸ್ನರನು ತನ್ನ ಒಂಬತ್ತು ವರ್ಷದ ಸೋದರಳಿಯನನ್ನು ಕೇಳಿದನು. ಹುಡುಗನು 'ಗೂಗೋಲ್' ಎಂದನು. ೧೯೪೦ರಲ್ಲಿ ಪ್ರಕಟವಾದ ಕ್ಯಾಸ್ನರನ ಗ್ರಂಥದಿಂದ ಅದು ಪ್ರಸಿದ್ಧವಾಯಿತು. ೧೯೯೮ರಲ್ಲಿ ಸ್ಥಾಪಿತವಾದ 'ಗೂಗಲ್' ಸಂಸ್ಥೆಯ ಹೆಸರು ಆ ಶಬ್ದದಿಂದಲೇ ಬಂದುದು. ೨೦೦೬ರಲ್ಲಿ, ಹುಡುಕು ಎಂಬರ್ಥದ ಕ್ರಿಯಾಪದವಾಗಿ ಈ ಹೆಸರನ್ನು ಆಕ್ಸ್‌ಫರ್ಡ್ ನಿಘಂಟು ಸೇರಿಸಿಕೊಂಡಿತು.

ನಿಘಂಟು ಶಬ್ದಗಳಿಗೆ ಜನ್ಮ ಕೊಡುವುದಿಲ್ಲ. ಬದುಕಿದವುಗಳ ಲೆಕ್ಕವನ್ನು ಬರೆದಿಡುವುದು. ಬದುಕಿಸುವವರು ಆಡುವ ಜನರು. ಆದುದರಿಂದ ನಾಳೆ ಮಗುವು ಅಪರಿಚಿತ ಶಬ್ದವೊಂದನ್ನು ಮನೆಗೆ ತಂದರೆ, ಗದರುವ ಮುನ್ನ ಅದರ ಅರ್ಥವೇನು, ಅದು ಯಾವುದರಿಂದ ಆಯಿತು ಎಂದು ಕೇಳೋಣ. ಕಸವಾದರೆ ಅದು ತಾನಾಗಿಯೇ ಉದುರಿಹೋಗುವುದು. ಕಾಳಾದರೆ ನಮ್ಮ ಗದರಿಕೆಗೆ ನಿಲ್ಲಲಾರದು.