ಹಳದಿ ಜ್ವರದ ಲಸಿಕೆ: ರಕ್ಷಣೆ ಯಾರಿಗೆ?

ಹಳದಿ ಜ್ವರ ಸೊಳ್ಳೆಯ ಮೂಲಕ ಹರಡುವ ವೈರಸ್ ಕಾಯಿಲೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದಲ್ಲಿದೆ, ಏಷ್ಯಾದಲ್ಲಿ ನೆಲೆಯೂರಿಲ್ಲ. ಉಲ್ಬಣಿಸಿದರೆ ಯಕೃತ್ತು ಕೆಟ್ಟು ಕಣ್ಣು, ಚರ್ಮ ಹಳದಿಗಟ್ಟುತ್ತವೆ. ಇದಕ್ಕೆಂದೇ ಇರುವ ಔಷಧವಿಲ್ಲ, ಆದರೆ ಬಹಳ ಒಳ್ಳೆಯ ಲಸಿಕೆಯಿದೆ. ಇಷ್ಟು ಎಲ್ಲರಿಗೂ ಬೇಗ ತಿಳಿಯುತ್ತದೆ. ಜನ ಎಡವುವುದು ಲಸಿಕೆಯ ಪ್ರಮಾಣಪತ್ರವನ್ನು ಯಾರು ಯಾಕೆ ಕೇಳುತ್ತಾರೆ ಎಂಬಲ್ಲಿ. ಭಾರತದಿಂದ ನೇರವಾಗಿ ಕೀನ್ಯಾಗೆ ಹೋಗುವವರನ್ನೇ ತೆಗೆದುಕೊಳ್ಳಿ. ರೋಗದ ಅಪಾಯ ಇರುವುದು ಕೀನ್ಯಾದಲ್ಲಿ. ಆದರೂ ಆ ದೇಶದ ನಿಯಮ ಪ್ರಮಾಣಪತ್ರ ಕೇಳುವುದು ರೋಗವಿರುವ ದೇಶಗಳಿಂದ ಬಂದವರನ್ನು, ನಮ್ಮನ್ನಲ್ಲ. ಅದನ್ನು ಕೇಳುವವರು ವಾಪಸ್ ಬಂದಾಗ ನಮ್ಮದೇ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು. ಭಾರತದ ಪಾಸ್‌ಪೋರ್ಟ್ ಇದ್ದರೂ ವಿನಾಯಿತಿಯಿಲ್ಲ. ಲಸಿಕೆ ಚುಚ್ಚಿಸಿಕೊಂಡವನನ್ನು ಕಾಯುತ್ತದೆ ನಿಜ, ಆದರೆ ನಿಯಮ ಇರುವುದು ಅವನು ಬಂದಿಳಿಯುವ ಊರಿನವರನ್ನು ಕಾಯಲಿಕ್ಕೆ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಉಳಿದ ಗೊಂದಲಗಳೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಈ ಕಾಯಿಲೆಯನ್ನು ಪೇಟೆಗಳಲ್ಲಿ ಹರಡುವುದು ಈಡಿಸ್ ಈಜಿಪ್ಟೈ, ನಮ್ಮಲ್ಲಿ ಡೆಂಗ್ಯೂ ಹರಡುವ ಅದೇ ಸೊಳ್ಳೆ. ಮುಚ್ಚದ ಡ್ರಮ್ಮು, ಬಿಸಾಡಿದ ಟೈರು, ಹೂಕುಂಡದ ತಟ್ಟೆ, ಎಲ್ಲಿ ನಿಂತ ನೀರಿದೆಯೋ ಅಲ್ಲಿ ಅದು ಹುಟ್ಟುತ್ತದೆ. ಅಂದರೆ ಹುಲ್ಲಿನ ಬಣವೆ ನಮ್ಮಲ್ಲಿ ಒಣಗಿ ನಿಂತಿದೆ, ಕಿಡಿ ಮಾತ್ರ ಬಂದಿಲ್ಲ. ಕಿಡಿ ಬರುವ ದಾರಿ ಮನುಷ್ಯನ ರಕ್ತ. ಸೊಳ್ಳೆಯೇ ಕಾರಣ ಎಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರು. ಅದನ್ನು ಪ್ರಯೋಗದಿಂದ ಸಾಬೀತು ಮಾಡಿದ್ದು 1900ರಲ್ಲಿ ಹವಾನಾದಲ್ಲಿ ಕೆಲಸ ಮಾಡಿದ ವಾಲ್ಟರ್ ರೀಡ್ ತಂಡ. ಆ ತಂಡದ ಜೆಸ್ಸಿ ಲೇಜಿಯರ್ ಇದೇ ಜ್ವರದಿಂದ ತೀರಿಕೊಂಡರು. ಆ ತಂಡ ಕಂಡುಕೊಂಡದ್ದು ಎಷ್ಟು ಸೊಗಸಾದ ಲೆಕ್ಕ ನೋಡಿ! ರೋಗಿಗೆ ಜ್ವರ ಶುರುವಾದ ಮೊದಲ ಮೂರು ದಿನಗಳೊಳಗೆ ಕಚ್ಚಿದ ಸೊಳ್ಳೆಗೆ ಮಾತ್ರ ಸೋಂಕು ಅಂಟುತ್ತದೆ. ಅದು ಕೂಡಲೇ ಇನ್ನೊಬ್ಬರಿಗೆ ರೋಗ ದಾಟಿಸಲಾರದು. ಅವರ ಪ್ರಯೋಗದಲ್ಲಿ ಸುಮಾರು 12 ದಿನ ಕಳೆದ ಮೇಲೆಯೇ ಅಂಥ ಸೊಳ್ಳೆ ಅಪಾಯಕಾರಿಯಾಯಿತು. ವೈರಸ್ ಅದರ ಹೊಟ್ಟೆಯ ಗೋಡೆ ದಾಟಿ ಜೊಲ್ಲುಗ್ರಂಥಿಗೆ ಬರಲು ಅಷ್ಟು ಕಾಲ ಬೇಕು. ಆಮೇಲೆ ಬದುಕಿರುವವರೆಗೂ ಅದು ಸೋಂಕು ಹರಡುತ್ತಲೇ ಇರುತ್ತದೆ. ಇತ್ತ ಮನುಷ್ಯನಿಗೆ ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನಗಳಲ್ಲಿ ಜ್ವರ ಬರುತ್ತದೆ. ಭಾರತದ ನಿಯಮದಲ್ಲಿ ಬರುವ ‘6 ದಿನ’ ಎಂಬ ಮಾತು ಇಲ್ಲಿಂದಲೇ ಬಂದದ್ದು. ರೋಗವಿರುವ ದೇಶ ಬಿಟ್ಟು ಆರು ದಿನಗಳೊಳಗೆ ಪ್ರಮಾಣಪತ್ರವಿಲ್ಲದೆ ಬಂದಿಳಿದವರನ್ನು ಆ ಅವಧಿ ಮುಗಿಯುವವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅದು ದಂಡನೆಯಲ್ಲ. ಜ್ವರ ಬರುವುದಿದ್ದರೆ ನಮ್ಮ ಸೊಳ್ಳೆಗಳಿಗೆ ಸಿಗದ ಜಾಗದಲ್ಲಿ ಬರಲಿ ಎಂಬ ಎಚ್ಚರ.

ಇಷ್ಟು ವರ್ಷ ಏಷ್ಯಾಕ್ಕೆ ಬಾರದ ಕಾಯಿಲೆಗೆ ಇಷ್ಟೊಂದು ಬಿಗಿ ಯಾಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 2016ರವರೆಗೆ ಉತ್ತರ ಕೊಡುವುದು ಸ್ವಲ್ಪ ಕಷ್ಟವಿತ್ತು. ಅಂಗೋಲದ ರಾಜಧಾನಿ ಲುವಾಂಡಾದಲ್ಲಿ 2015ರ ಡಿಸೆಂಬರಿನಲ್ಲಿ ಕಾಣಿಸಿಕೊಂಡ ಜ್ವರ ಮರುವರ್ಷ ಅಲ್ಲಿ ದುಡಿಯುತ್ತಿದ್ದ ಚೀನೀಯರ ಜೊತೆ ವಿಮಾನ ಹತ್ತಿತು. ಚೀನಾದಲ್ಲಿ ಹಾಗೆ 11 ಪ್ರಕರಣಗಳು ಖಚಿತವಾದವು. ಏಷ್ಯಾದ ನೆಲದಲ್ಲಿ ಈ ರೋಗ ಖಚಿತವಾಗಿ ಪತ್ತೆಯಾದದ್ದು ಅದೇ ಮೊದಲು. ಅಲ್ಲಿಂದ ಅದು ಸ್ಥಳೀಯವಾಗಿ ಹರಡದೆ ಉಳಿದದ್ದು ನಮ್ಮ ಭಾಗ್ಯ. ಅದೇ ವರ್ಷ ಅಂಗೋಲದ ನೆರೆಯ ಕಾಂಗೋದ ಕಿನ್ಶಾಸಾ ನಗರದಲ್ಲಿ ಲಸಿಕೆ ಸಾಲದೆ ಒಂದು ಡೋಸಿನ ಐದನೇ ಒಂದು ಭಾಗವನ್ನಷ್ಟೇ ಜನರಿಗೆ ಹಾಕಬೇಕಾಯಿತು. ಒಂದು ಮಹಾನಗರಕ್ಕೇ ಸಾಲದ ಲಸಿಕೆಯನ್ನು ನಂಬಿಕೊಂಡು, ರೋಗ ಬಂದ ಮೇಲೆ ನೋಡೋಣ ಎಂದು ನೂರು ಕೋಟಿ ಮೀರಿದ ಜನರ ದೇಶ ಕೂರಲಾಗುವುದಿಲ್ಲ.

ಇನ್ನು ಪ್ರಮಾಣಪತ್ರ. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಹೆಸರು ಹಿಡಿದು ಲಸಿಕೆಯ ಪುರಾವೆ ಕೇಳಲು ಅನುಮತಿಸಿರುವುದು ಈ ಒಂದು ರೋಗಕ್ಕೆ. ಪ್ರಮಾಣಪತ್ರವಾಗಿ ಕೊಡುವ ಹಳದಿ ಪುಸ್ತಿಕೆಯಲ್ಲಿ ಲಸಿಕೆಯ ತಯಾರಕರು, ಬ್ಯಾಚ್ ಸಂಖ್ಯೆ, ಕೇಂದ್ರದ ಮೊಹರು, ಹಾಕಿದವರ ಸಹಿ, ಪ್ರಯಾಣಿಕರ ಸಹಿ ಎಲ್ಲ ಇರಬೇಕು. ಒಂದು ಅಂಕಣ ಖಾಲಿ ಬಿಟ್ಟರೂ, ತಿದ್ದಿ ಬರೆದರೂ ಪ್ರಮಾಣಪತ್ರ ಅಸಿಂಧುವಾಗಬಹುದು. ಮಾನ್ಯತೆ ಪಡೆದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಟಿಕೆಟ್ ಕೈಗೆ ಬಂದ ಮೇಲೆ ಹೊರಡುವ ಹಿಂದಿನ ದಿನ ಲಸಿಕೆಗೆ ಓಡುವವರು ಬಹಳ. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿದ ಹತ್ತನೇ ದಿನದಿಂದ, ಏಕೆಂದರೆ ರೋಗನಿರೋಧಕ ಶಕ್ತಿ ಮೈಯಲ್ಲಿ ಬಲಿಯಲು ಅಷ್ಟು ಸಮಯ ಬೇಕು. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕೆಂಬ ಹಳೆಯ ನಿಯಮ 2016ರ ಜುಲೈ 11ರಿಂದ ಹೋಗಿದೆ. ಹಳೆಯ ಪುಸ್ತಿಕೆಯಲ್ಲಿ ಹತ್ತು ವರ್ಷದ ಗಡುವು ಬರೆದಿದ್ದರೂ ಅದೀಗ ಜೀವನಪೂರ್ತಿ ನಡೆಯುತ್ತದೆ. ಇದು ಜೀವಂತ ವೈರಸ್ಸನ್ನು ಸೌಮ್ಯಗೊಳಿಸಿ ಮಾಡಿದ ಲಸಿಕೆ. 60 ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿಯುಳ್ಳವರು, ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರ ಜೊತೆ ಮಾತಾಡದೆ ಹಾಕಿಸಿಕೊಳ್ಳಬಾರದು. ವೈದ್ಯರು ಬೇಡವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆಯಿರಿ. ಬಂದಿಳಿದ ದೇಶದ ಅಧಿಕಾರಿಗಳು ಆ ಪತ್ರವನ್ನು ಪರಿಗಣಿಸಬೇಕೆಂದು ನಿಯಮಾವಳಿಯೇ ಹೇಳುತ್ತದೆ.

ನಮ್ಮ ಕಾಲೇಜುಗಳ ಜೀವವಿಜ್ಞಾನದ ಮಕ್ಕಳು ಕೈಹಾಕಬೇಕಾದ ಒಂದು ಪ್ರಶ್ನೆ ಇನ್ನೂ ಬಾಕಿಯಿದೆ. ಸೊಳ್ಳೆಯೂ ಇದೆ, ಜನಸಂದಣಿಯೂ ಇದೆ, ಆದರೂ ಏಷ್ಯಾದಲ್ಲಿ ಹಳದಿ ಜ್ವರ ಬೇರುಬಿಡದ್ದು ಯಾಕೆ? ಡೆಂಗ್ಯೂ ಬಂದುಹೋದ ಮೈ ಸ್ವಲ್ಪ ತಡೆಯೊಡ್ಡುತ್ತದೆ ಎನ್ನುವವರಿದ್ದಾರೆ, ಇಲ್ಲಿನ ಸೊಳ್ಳೆ ಈ ವೈರಸ್ಸನ್ನು ಅಷ್ಟು ಚೆನ್ನಾಗಿ ಹೊರಲಾರದು ಎನ್ನುವವರೂ ಇದ್ದಾರೆ. ಕೊನೆಯ ತೀರ್ಪು ಬಂದಿಲ್ಲ. ಕಾಡಿನಲ್ಲಿ ಮಂಗಗಳ ನಡುವೆ ಹರಡುವ ಮಾತು ಇನ್ನೂ ತೊಡಕಿನದು. ಆಫ್ರಿಕಾದ ಮಂಗಗಳು ಈ ವೈರಸ್ಸನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ಬ್ರೆಜಿಲಿನ ಹೌಲರ್ ಮಂಗಗಳು ಸಾಯುತ್ತವೆ. 1927ರಲ್ಲಿ ಪಶ್ಚಿಮ ಆಫ್ರಿಕಾದ ಪ್ರಯೋಗಾಲಯದಲ್ಲಿ ರೋಗಿಯೊಬ್ಬನ ರಕ್ತ ಚುಚ್ಚಿದಾಗ ಕಾಯಿಲೆ ಹತ್ತಿ ಸತ್ತದ್ದು ಏಷ್ಯಾ ಮೂಲದ ರೀಸಸ್ ಕೋತಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ ಬೆಳಕಿಗೆ ಬಂದ ಮಂಗನ ಕಾಯಿಲೆಯ ವೈರಸ್ಸೂ ಇದೇ ಕುಟುಂಬದ್ದು. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣಿ. ಮಂಗ ಸತ್ತು ಬಿದ್ದರೆ ಕೂಡಲೇ ವರದಿ ಮಾಡುವ ರೂಢಿ ಮಲೆನಾಡಿನಲ್ಲಿ ಆಗಲೇ ಇದೆ. ಆ ರೂಢಿಯ ಜೊತೆಗೆ ಇಲ್ಲಿನ ಕಾಡಿನ ಸೊಳ್ಳೆಗಳಲ್ಲಿ ಯಾವುದು ಮಂಗನನ್ನೂ ಮನುಷ್ಯನನ್ನೂ ಕಚ್ಚುತ್ತದೆ, ಎಷ್ಟು ದಿನ ಬದುಕುತ್ತದೆ ಎಂಬ ಪಟ್ಟಿಯನ್ನು ತಾಲ್ಲೂಕಿಗೊಂದರಂತೆ ಈಗಲೇ ಮಾಡಿಡಬೇಕು.