ರಿಮೋಟ್ ಗಾಡಿಗೆ ಚೈನು ಬಂದ ಬಗೆ

ಮನೆಯಲ್ಲೇ ರಿಮೋಟ್ ಗಾಡಿ ಕಟ್ಟಲು ಹೊರಟವರಿಗೆ ಮೋಟರ್ ಸಿಗುವುದು ಕಷ್ಟವಲ್ಲ. ಚಕ್ರವೂ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ರಿಮೋಟು, ರಿಸೀವರು, ಬ್ಯಾಟರಿ ಎಲ್ಲವೂ ಕೈಗೆ ಬರುತ್ತವೆ. ತಲೆನೋವು ಶುರುವಾಗುವುದು ಮೋಟರಿಗೂ ಚಕ್ರಕ್ಕೂ ನಡುವಿನ ಒಂದಡಿ ಜಾಗದಲ್ಲಿ. ಎಲೆಕ್ಟ್ರಿಕ್ ಸ್ಕೂಟರಿಗೆಂದು ಬರುವ 24 ವೋಲ್ಟಿನ, 250 ವಾಟಿನ ಸಾಮಾನ್ಯ ಡಿ.ಸಿ. ಮೋಟರ್ ನಿಮಿಷಕ್ಕೆ ಸುಮಾರು 2,650 ಸುತ್ತು ತಿರುಗುತ್ತದೆ. ಅದರ ಶಾಫ್ಟಿಗೆ 20 ಸೆಂ.ಮೀ. ವ್ಯಾಸದ ಚಕ್ರವನ್ನು ನೇರವಾಗಿ ಹಾಕಿದರೆ ಕಾಗದದ ಲೆಕ್ಕದಲ್ಲಿ ಗಂಟೆಗೆ ನೂರು ಕಿ.ಮೀ. ವೇಗ ಬರುತ್ತದೆ. ನಿಜದಲ್ಲಿ ಗಾಡಿ ನಿಂತಲ್ಲೇ ಮಿಸುಕಾಡುತ್ತದೆ, ಮೋಟರ್ ಕಾದು ಸುಟ್ಟ ವಾಸನೆ ಬರುತ್ತದೆ.

ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯಬೇಕು. ಗೇರು, ಬೆಲ್ಟು, ಚೈನು ಮೂರರಿಂದಲೂ ಇದು ಸಾಧ್ಯ. ಗೇರಿಗೆ ಎರಡು ಶಾಫ್ಟುಗಳ ಅಂತರ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕರಾರುವಾಕ್ಕಾಗಿರಬೇಕು. ಕೈಯಲ್ಲಿ ಡ್ರಿಲ್ ಹಿಡಿದು ಗುರುತು ಹಾಕಿ ತೂತು ಕೊರೆಯುವವರಿಗೆ ಅದು ದಕ್ಕುವುದಿಲ್ಲ. ಬೆಲ್ಟು ಇಂತಿಷ್ಟೇ ಉದ್ದಕ್ಕೆ ಬರುತ್ತದೆ, ಮಣ್ಣು ಕೆಸರು ಸೇರಿದರೆ ಜಾರುತ್ತದೆ ಇಲ್ಲವೇ ಹಲ್ಲು ಬಿಡುತ್ತದೆ. ಚೈನಾದರೆ ಬೇಕಾದಷ್ಟು ಕೊಂಡಿ ಇಟ್ಟುಕೊಂಡು ಉಳಿದದ್ದನ್ನು ಕಳಚಬಹುದು. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಓಡುತ್ತದೆ. ಕೈಯಿಂದ ಕಟ್ಟುವ ಗಾಡಿಗೆ ಇದಕ್ಕಿಂತ ಸೂಕ್ತವಾದದ್ದು ಇನ್ನೊಂದಿಲ್ಲ. ಆದರೆ ಈ ಗುಣ ಚೈನಿಗೆ ಒಮ್ಮೆಲೇ ಬಂದದ್ದಲ್ಲ.

ಹನ್ನೊಂದನೇ ಶತಮಾನದ ಕೊನೆಯಲ್ಲಿ ಚೀನಾದ ಕೈಫೆಂಗ್ ನಗರದಲ್ಲಿ ಸು ಸಾಂಗ್ ಎಂಬ ವಿದ್ವಾಂಸ ಅಧಿಕಾರಿ ನೀರಿನ ಬಲದಿಂದ ನಡೆಯುವ ಖಗೋಳ ಗಡಿಯಾರದ ಗೋಪುರ ಕಟ್ಟಿಸಿದ. ಕೆಳಗಿನ ನೀರಿನ ಚಕ್ರದ ಚಲನೆಯನ್ನು ಮೇಲಿನ ಉಪಕರಣಕ್ಕೆ ಒಯ್ಯಲು ಅಲ್ಲಿ ಕೊಂಡಿಗಳನ್ನು ಬೆಸೆದ, ತುದಿಯಿಲ್ಲದ ಕಬ್ಬಿಣದ ಸರಪಳಿಯಿತ್ತು. ಸು ಸಾಂಗ್ ಅದಕ್ಕಿಟ್ಟ ಹೆಸರು ‘ಆಕಾಶದ ಏಣಿ’. ಯುರೋಪಿನಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಟಿಪ್ಪಣಿ ಪುಸ್ತಕಗಳಲ್ಲಿ ಇಂದಿನ ಚೈನನ್ನೇ ಹೋಲುವ ಚಿತ್ರಗಳಿವೆ. ಅವನ ಕಾಲಕ್ಕೆ ಅಷ್ಟು ನಯವಾಗಿ ಉಕ್ಕನ್ನು ಕತ್ತರಿಸಿ ಗಡಸುಗೊಳಿಸುವ ದಾರಿಯಿರಲಿಲ್ಲ. ಹಾಗಾಗಿ ಅವು ಚಿತ್ರಗಳಾಗಿಯೇ ಉಳಿದವು.

ಚೈನಿನ ಶತ್ರು ಸವೆತ. 1864ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಲೇಟರ್ ಯಂತ್ರಗಳಿಗಾಗಿ ಒಂದು ಚೈನಿನ ಪೇಟೆಂಟ್ ಪಡೆದ. ಆ ಬಗೆಯ ಚೈನಿನಲ್ಲಿ ಪಿನ್ನುಗಳು ತೆಳ್ಳನೆಯ ತಗಡುಗಳ ತೂತಿನಲ್ಲೇ ತಿರುಗುತ್ತಿದ್ದವು. ಎಳೆತವೆಲ್ಲ ತಗಡಿನ ಅಂಚಿನ ಮೇಲೆ ಬಿದ್ದು ತೂತು ಬೇಗ ಅಗಲವಾಗುತ್ತಿತ್ತು, ಚೈನು ಉದ್ದವಾಗಿ ಹಲ್ಲಿನ ಮೇಲಿಂದ ಹಾರುತ್ತಿತ್ತು. 1879ರಲ್ಲಿ ಸ್ಲೇಟರನ ಉದ್ಯಮವನ್ನು ಕೊಂಡವನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿಗೆ ಬಂದು ನೆಲೆಸಿದ್ದ ಹ್ಯಾನ್ಸ್ ರೆನಾಲ್ಡ್. ಮರುವರ್ಷವೇ ಅವನು ಪೇಟೆಂಟ್ ಪಡೆದ ಚೈನಿನಲ್ಲಿ ಪಿನ್ನಿನ ಸುತ್ತ ಬುಷ್ ಎಂಬ ಸಣ್ಣ ಕೊಳವೆ ಇತ್ತು, ಬುಷ್‌ನ ಮೇಲೆ ತಾನೇ ತಾನಾಗಿ ಉರುಳುವ ರೋಲರ್ ಇತ್ತು. ಹೊರೆ ಪಿನ್ನಿನ ಪೂರ್ತಿ ಅಗಲಕ್ಕೆ ಹಂಚಿಹೋಯಿತು. ಹಲ್ಲಿನ ಮೇಲೆ ಉಜ್ಜುವ ಬದಲು ರೋಲರ್ ಉರುಳಿಕೊಂಡು ಕೂರತೊಡಗಿತು.

ಐದು ವರ್ಷ ಕಳೆದು, 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ‘ರೋವರ್’ ಸೈಕಲ್ ಬಂತು. ಎರಡೂ ಚಕ್ರ ಹೆಚ್ಚುಕಡಿಮೆ ಸಮ, ಹಿಂದಿನ ಚಕ್ರಕ್ಕೆ ಚೈನು. ಇಂದು ಕರ್ನಾಟಕದ ಯಾವ ಊರಿನ ಸೈಕಲ್ ಶಾಪಿಗೆ ಹೋದರೂ ಮೊಳೆಗೆ ನೇತುಹಾಕಿರುವ ಚೈನು ರೆನಾಲ್ಡನ ಆ ವಿನ್ಯಾಸದ ವಂಶಕ್ಕೇ ಸೇರಿದ್ದು.

ಸೈಕಲ್ ಚೈನು ಸೈಕಲ್ಲಿನಲ್ಲೇ ನಿಲ್ಲಲಿಲ್ಲ. ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು 1903ರ ತಮ್ಮ ವಿಮಾನದಲ್ಲಿ ಒಂದೇ ಎಂಜಿನ್ನಿನಿಂದ ಎರಡು ಪ್ರೊಪೆಲರ್ ತಿರುಗಿಸಲು ಇಂಡಿಯಾನಾಪೊಲಿಸ್‌ನಲ್ಲಿ ತಯಾರಾದ ಚೈನುಗಳನ್ನು ಬಳಸಿದರು. ಪ್ರೊಪೆಲರ್‌ಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗಬೇಕಿತ್ತು. ಅದಕ್ಕಾಗಿ ಒಂದು ಚೈನನ್ನು ಕೊಳವೆಗಳೊಳಗೆ ತೂರಿಸಿ, ನಡುವೆ ಅಡ್ಡಹಾಯಿಸಿ ಕಟ್ಟಿದರು. ವಿಮಾನ ಹಾರಿಸಲು ಹೋಗಿದ್ದ ಕಿಟಿ ಹಾಕ್‌ನ ಮರಳಿನಲ್ಲಿ ಅವರನ್ನು ಕಾಡಿದ್ದು ಚೈನಲ್ಲ, ಚೈನು ಕೂರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್. ಎಂಜಿನ್ನಿನ ಜರ್ಕಿಗೆ ಪ್ರೊಪೆಲರ್ ಶಾಫ್ಟಿನ ಮೇಲೆ ಸ್ಪ್ರಾಕೆಟ್ ಮತ್ತೆ ಮತ್ತೆ ಸಡಿಲವಾಗುತ್ತಿತ್ತು. ಎಷ್ಟು ಬಿಗಿದರೂ ನಿಲ್ಲಲಿಲ್ಲ. ಕೊನೆಗೆ ಸೈಕಲ್ ಟೈರನ್ನು ರಿಮ್ಮಿಗೆ ಅಂಟಿಸುವ ‘ಆರ್ನ್‌ಸ್ಟೈನ್’ ಎಂಬ ಗಟ್ಟಿ ಅಂಟನ್ನು ಕಾಯಿಸಿ, ಶಾಫ್ಟಿನ ಸ್ಕ್ರೂ ಮರೆಗಳಲ್ಲಿ ಸುರಿದು ಅದನ್ನು ಭದ್ರ ಮಾಡಿದರು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮನೆಯಲ್ಲಿ ಕಟ್ಟಿದ ರಿಮೋಟ್ ಗಾಡಿ ಮೊದಲ ಓಟದಲ್ಲೇ ಕೈಕೊಡುವುದು ಬಹುಪಾಲು ಇದೇ ಜಾಗದಲ್ಲಿ. ದುಂಡನೆಯ ಶಾಫ್ಟಿನ ಮೇಲೆ ಒಂದೇ ಒಂದು ಸಣ್ಣ ಸ್ಕ್ರೂ ಒತ್ತಿ ಹಿಡಿದ ಸ್ಪ್ರಾಕೆಟ್ ಮುಂದಕ್ಕೆ ಹಿಂದಕ್ಕೆ ನಾಲ್ಕು ಸಲ ಎಳೆದರೆ ತಿರುಗಿಬಿಡುತ್ತದೆ. ಶಾಫ್ಟಿನ ಒಂದು ಮೈಯನ್ನು ಫೈಲಿನಿಂದ ಚಪ್ಪಟೆ ಮಾಡಿ ಸ್ಕ್ರೂ ಅದರ ಮೇಲೆ ಕೂರುವಂತೆ ನೋಡಿಕೊಳ್ಳಬೇಕು. ಲೇತಿನವರ ಬಳಿ ಕೀ ಕೂರುವ ತೋಡು ಕೊರೆಸಿದರೆ ಇನ್ನೂ ಒಳ್ಳೆಯದು.

ತಂತಿಯಿಲ್ಲದೆ ದೂರದಿಂದ ವಾಹನ ನಡೆಸುವ ವಿದ್ಯೆಯೂ ಹೆಚ್ಚುಕಡಿಮೆ ರೋಲರ್ ಚೈನಿನ ಕಾಲದ್ದೇ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಣ್ಣ ದೋಣಿಯೊಂದನ್ನು ರೇಡಿಯೊ ಅಲೆಗಳಿಂದ ನಡೆಸಿ ತೋರಿಸಿದ. ಅದೇ ವರ್ಷದ ನವೆಂಬರ್ 8ರಂದು ಅದರ ಪೇಟೆಂಟ್ ಸಿಕ್ಕಿತು. ರೇಡಿಯೊ ಕಾರುಗಳು ಹವ್ಯಾಸವಾಗಿ ಮಾರುಕಟ್ಟೆಗೆ ಬರಲು 1960ರ ದಶಕದವರೆಗೆ ಕಾಯಬೇಕಾಯಿತು. ಅಲ್ಲಿಗೂ ಚೈನು ಕಾಲಿಟ್ಟಿತು. ಜಪಾನಿನ ಕ್ಯೋಶೋ ಕಂಪನಿ 1985ರಲ್ಲಿ ತಂದ ‘ಆಪ್ಟಿಮಾ’ ಎಂಬ ನಾಲ್ಕು ಚಕ್ರ ಎಳೆತದ ಪುಟ್ಟ ಬಗ್ಗಿಯಲ್ಲಿ ಹಿಂದಿನಿಂದ ಮುಂದಕ್ಕೆ ಬಲ ಸಾಗಿಸಿದ್ದು ಚೈನೇ. ಮುಂದೆ ಸ್ಪರ್ಧೆಯ ಸಣ್ಣ ಕಾರುಗಳಲ್ಲಿ ಬೆಲ್ಟು ಮತ್ತು ಶಾಫ್ಟುಗಳು ಆ ಜಾಗ ಹಿಡಿದವು. ಅಷ್ಟು ಸಣ್ಣ ಕಾರಿಗೆ ಚೈನಿನ ತೂಕ, ಸದ್ದು ಎರಡೂ ಭಾರ.

ಐವತ್ತು ಕಿಲೊ ತೂಗುವ ಯಂತ್ರದ ಮಾತೇ ಬೇರೆ. ಆವಿಷ್ಕಾರಕ ಡೀನ್ ಕೇಮನ್ ಹುಟ್ಟುಹಾಕಿದ ‘ಫಸ್ಟ್’ ಸಂಸ್ಥೆಯ ರೋಬಾಟ್ ಸ್ಪರ್ಧೆ 1992ರಲ್ಲಿ ಅಮೆರಿಕದ ನ್ಯೂಹ್ಯಾಂಪ್‌ಶೈರ್ ರಾಜ್ಯದಲ್ಲಿ ಶುರುವಾಯಿತು. ಅದು ನಡೆದ ಊರಿನ ಹೆಸರೂ ಮ್ಯಾಂಚೆಸ್ಟರ್. ಪ್ರೌಢಶಾಲೆಯ ಮಕ್ಕಳು ಕೆಲವೇ ವಾರಗಳಲ್ಲಿ ರೋಬಾಟ್ ಕಟ್ಟುವ ಈ ಸ್ಪರ್ಧೆಯಲ್ಲಿ 25 ಮತ್ತು 35ನೇ ನಂಬರಿನ ಚೈನುಗಳು ಮನೆಮಾತು. ಒಂದು ಬದಿಯ ಚಕ್ರಗಳನ್ನೆಲ್ಲ ಚೈನಿನಿಂದ ಜೋಡಿಸಿ, ಆ ಬದಿಗೊಂದು ಈ ಬದಿಗೊಂದು ಮೋಟರ್ ಇಟ್ಟು, ಟ್ಯಾಂಕಿನ ಹಾಗೆ ತಿರುಗಿಸುವ ವಿಧಾನ ಅಲ್ಲಿ ಪಕ್ವವಾಯಿತು. ಆರು ಚಕ್ರವಿದ್ದರೆ ನಡುವಿನ ಜೋಡಿಯನ್ನು ಸುಮಾರು 3 ಮಿ.ಮೀ. ಕೆಳಗಿಡುತ್ತಾರೆ. ಆಗ ಗಾಡಿ ಒಮ್ಮೆಗೆ ನಾಲ್ಕೇ ಚಕ್ರದ ಮೇಲೆ ನಿಲ್ಲುವುದರಿಂದ ತಿರುಗುವಾಗ ಚಕ್ರಗಳು ನೆಲವನ್ನು ಅಡ್ಡಡ್ಡ ಉಜ್ಜುವುದು ಕಡಿಮೆಯಾಗುತ್ತದೆ, ಬ್ಯಾಟರಿ ಉಳಿಯುತ್ತದೆ.

ಆ ನಂಬರುಗಳ ಅರ್ಥ ತಿಳಿದರೆ ಅಂಗಡಿಯಲ್ಲಿ ಮೋಸಹೋಗುವುದಿಲ್ಲ. ಮೊದಲ ಅಂಕಿ ಎರಡು ಪಿನ್ನುಗಳ ನಡುವಿನ ಅಂತರವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತದೆ. 25 ಎಂದರೆ ಕಾಲು ಇಂಚು, ಅಂದರೆ 6.35 ಮಿ.ಮೀ. ಕೊನೆಯ 5 ಎಂದರೆ ರೋಲರ್ ಇಲ್ಲ. ಇಷ್ಟು ಸಣ್ಣ ಕೊಂಡಿಯಲ್ಲಿ ರೋಲರಿಗೆ ಜಾಗ ಸಾಲದೆ ರೆನಾಲ್ಡನ ಬುಷ್ಷೇ ನೇರವಾಗಿ ಹಲ್ಲಿನ ಮೇಲೆ ಕೂರುತ್ತದೆ. ಸೈಕಲ್ ಚೈನಿನ ಅಂತರ ಅರ್ಧ ಇಂಚು, 12.7 ಮಿ.ಮೀ.

ಮೊದಲು ಹೇಳಿದ ಮೋಟರಿಗೆ ಸಾಮಾನ್ಯವಾಗಿ ಬರುವುದು 25ನೇ ನಂಬರಿನ ಚೈನಿಗಾಗುವ 11 ಹಲ್ಲಿನ ಸ್ಪ್ರಾಕೆಟ್. ಚಕ್ರಕ್ಕೆ 55 ಹಲ್ಲಿನದನ್ನು ಹಾಕಿದರೆ ಐದು ಪಟ್ಟು ಇಳಿಕೆ: ಚಕ್ರ ನಿಮಿಷಕ್ಕೆ 530 ಸುತ್ತು, ಗಾಡಿ ಗಂಟೆಗೆ ಸುಮಾರು 20 ಕಿ.ಮೀ. ಚೈನಿನ ಮೇಲಿನ ಎಳೆತ ಪೂರ್ತಿ ಹೊರೆಯಲ್ಲೂ ಎಂಟು ಕಿಲೊ ತೂಕದಷ್ಟು. 25ನೇ ನಂಬರಿನ ಚೈನು ಹರಿಯಬೇಕಾದರೆ ಮುನ್ನೂರೈವತ್ತು ಕಿಲೊ ಬೇಕು. ಸೈಕಲ್ ಚೈನು ಇನ್ನೂ ಗಟ್ಟಿ, ಅಗ್ಗ, ಎಲ್ಲೆಡೆ ಸಿಗುವಂಥದ್ದು. ಆದರೆ ಅದಕ್ಕೆಂದು ಮೋಟರಿಗೆ ಬರುವ 9 ಹಲ್ಲಿನ ಸ್ಪ್ರಾಕೆಟ್ ಮೇಲೆ ಅದು ನುಣುಪಾಗಿ ಓಡುವುದಿಲ್ಲ. ಚೈನು ಸ್ಪ್ರಾಕೆಟ್ಟನ್ನು ವೃತ್ತವಾಗಿ ಸುತ್ತುವುದಿಲ್ಲ, ಬಹುಭುಜವಾಗಿ ಸುತ್ತುತ್ತದೆ. ಹಲ್ಲು ಕಡಿಮೆಯಾದಷ್ಟೂ ವೇಗ ಹೆಚ್ಚು ಏರಿಳಿಯುತ್ತದೆ: 9 ಹಲ್ಲಿಗೆ ಶೇ 6, 11ಕ್ಕೆ ಶೇ 4, 17ಕ್ಕೆ ಶೇ 2ಕ್ಕಿಂತ ಕಡಿಮೆ. ಗರಗರ ಸದ್ದಿನ ಮೂಲ ಅಲ್ಲೇ ಇದೆ.

ಸೈಕಲ್ ಭಾಗ ಬಳಸುವವರು ಎಡವುವ ಇನ್ನೊಂದು ಕಡೆ ಫ್ರೀವೀಲ್. ಅದು ಒಂದೇ ದಿಕ್ಕಿಗೆ ಎಳೆಯುತ್ತದೆ. ರಿಮೋಟಿನ ಕಡ್ಡಿ ಹಿಂದಕ್ಕೆಳೆದರೆ ಮೋಟರ್ ತಿರುಗುತ್ತದೆ, ಚಕ್ರ ಕಟಕಟ ಎನ್ನುತ್ತಾ ನಿಂತಿರುತ್ತದೆ. ಒಳಗಿನ ಕಟಕಟವನ್ನು ವೆಲ್ಡ್ ಮಾಡಿಸಿ ನಿಲ್ಲಿಸುವವರಿದ್ದಾರೆ. ಲೇತಿನಲ್ಲಿ ಹಬ್ ಮಾಡಿಸಿ ಸ್ಪ್ರಾಕೆಟ್ಟನ್ನು ಬೋಲ್ಟು ಹಾಕಿ ಕೂರಿಸುವುದೇ ಸರಿಯಾದ ಕೆಲಸ.

ಇನ್ನು ಉದ್ದ. ಶಾಫ್ಟಿನಿಂದ ಶಾಫ್ಟಿಗೆ 30 ಸೆಂ.ಮೀ. ಇದ್ದರೆ ಮೇಲಿನ 11 ಮತ್ತು 55 ಹಲ್ಲಿನ ಸ್ಪ್ರಾಕೆಟ್‌ಗಳಿಗೆ ಲೆಕ್ಕದಂತೆ ನೂರಿಪ್ಪತ್ತೆಂಟೂವರೆ ಕೊಂಡಿ ಬೇಕು. ಅರ್ಧ ಕೊಂಡಿ ಎಂಬುದಿಲ್ಲ. ಬೆಸ ಸಂಖ್ಯೆಗೆ ಸೊಟ್ಟ ಕೊಂಡಿ ಸಿಗುತ್ತದಾದರೂ ಅದು ಬಡಕಲು. ಆದ್ದರಿಂದ 128 ಕೊಂಡಿ ಇಟ್ಟು ಮೋಟರನ್ನು ಎರಡು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಹತ್ತಿರ ತರಬೇಕು. ಇದಕ್ಕೆಂದೇ ಮೋಟರ್ ಕೂರಿಸುವ ತಗಡಿನ ತೂತುಗಳನ್ನು ಉದ್ದುದ್ದಕ್ಕೆ ಸೀಳಿರಬೇಕು. ಮೊದಲು ಎರಡೂ ಸ್ಪ್ರಾಕೆಟ್‌ಗಳ ಮೈಗೆ ಒಂದು ಸ್ಟೀಲ್ ಸ್ಕೇಲನ್ನು ಒತ್ತಿಹಿಡಿದು ನೋಡಬೇಕು. ಎಲ್ಲೂ ಬೆಳಕು ತೂರಬಾರದು. ತೂರಿದರೆ ವಾಷರ್ ಕೊಟ್ಟು ಸರಿಪಡಿಸಬೇಕು. ಆಮೇಲೆ ಕೆಳಗಿನ ಚೈನನ್ನು ಬೆರಳಿನಿಂದ ಎತ್ತಿದರೆ ಐದಾರು ಮಿ.ಮೀ. ಆಡಬೇಕು. ವೀಣೆಯ ತಂತಿಯ ಹಾಗೆ ಬಿಗಿದರೆ ಬೇರಿಂಗು, ಬ್ಯಾಟರಿ ಎರಡೂ ಸೋಲುತ್ತವೆ.

ಕೊನೆಯದಾಗಿ ಚೈನ್ ಲಾಕ್. ಎರಡು ತುದಿಗಳನ್ನು ಸ್ಪ್ರಾಕೆಟ್ಟಿನ ಒಂದೇ ಹಲ್ಲಿನ ಆಚೀಚೆ ತಂದಿಟ್ಟು, ಲಾಕಿನ ಎರಡು ಪಿನ್ನನ್ನು ಹಿಂದಿನಿಂದ ತೂರಿಸಿ, ತಗಡು ಕೂರಿಸಿ, ಮೀನಿನಾಕಾರದ ಕ್ಲಿಪ್ಪನ್ನು ಪಕ್ಕಡದಿಂದ ಒತ್ತಿದರೆ ಟಕ್ಕೆಂದು ಕೂರುತ್ತದೆ. ಕ್ಲಿಪ್ಪಿನ ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗಿರಬೇಕು, ಬಾಯಿ ಹಿಂದಕ್ಕೆ. ಬೈಕಿಗೆ ಅಷ್ಟು ಸಾಕು. ರಿಮೋಟ್ ಗಾಡಿ ಮುಂದಕ್ಕೆ ಓಡಿದಷ್ಟೇ ಹಿಂದಕ್ಕೂ ಓಡುವುದರಿಂದ ಕ್ಲಿಪ್ಪು ಹೊರಬದಿಗೆ, ಕಣ್ಣಿಗೆ ಕಾಣುವಂತಿರಲಿ. ಪ್ರತಿ ಓಟಕ್ಕೂ ಮುನ್ನ ನೋಡಿಕೊಳ್ಳಬಹುದು.

ಚೈನು ಓಡತೊಡಗಿದ ಮೇಲೆ ಅದಕ್ಕೊಂದು ಹೊದಿಕೆ ಬೇಕು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬೈಕುಗಳು ತಯಾರಾದವು. ಜಾವಾ ಬೈಕಿನ ಹಿಂದಿನ ಚೈನು ಮೇಲೆ ಕೆಳಗೆ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಓಡುತ್ತಿತ್ತು. ಧೂಳು ಒಳಗೆ ಹೋಗುತ್ತಿರಲಿಲ್ಲ, ಸೀರೆಯ ಸೆರಗೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಕಟ್ಟುವ ಗಾಡಿಗಳಲ್ಲಿ ಬಹಳಷ್ಟು ಮಂದಿ ಬಿಟ್ಟುಬಿಡುವುದು ಈ ಹೊದಿಕೆಯನ್ನೇ. 250 ವಾಟಿನ ಮೋಟರ್ ಎಳೆಯುವ ಚೈನಿಗೆ ಮಗುವಿನ ಬೆರಳು ಸಿಕ್ಕರೆ ರಿಮೋಟ್ ಹಿಡಿದವನಿಗೆ ನಿಲ್ಲಿಸಲು ಸಮಯವಿರುವುದಿಲ್ಲ. ಗಾಡಿ ಕಟ್ಟುತ್ತಿರುವವರು ದಯವಿಟ್ಟು ಚೈನಿಗೆ ತಗಡಿನ ಕವರ್ ಹಾಕಿ. ಮೊದಲ ಓಟಕ್ಕೆ ಮುನ್ನ ಗಾಡಿಯನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಚಕ್ರ ತಿರುಗುತ್ತಿರುವಾಗಲೇ ಕೈಯಲ್ಲಿರುವ ರಿಮೋಟನ್ನು ಆಫ್ ಮಾಡಿ ನೋಡಿ. ಚಕ್ರ ನಿಲ್ಲದಿದ್ದರೆ ರಿಸೀವರಿನ ಸೆಟ್ಟಿಂಗ್ ಸರಿಪಡಿಸುವವರೆಗೆ ಗಾಡಿಯನ್ನು ನೆಲಕ್ಕಿಳಿಸಬೇಡಿ.